ನೂಲಿನ ನಂಬರು, ಎರಿ ಹೊಲ, ಕೃಷ್ಣೆಯ ನಕಾಶೆ

ಪಠ್ಯಪುಸ್ತಕ ರಾಜ್ಯಕ್ಕೆಲ್ಲ ಒಂದೇ. ಆದರೆ ಹುನಗುಂದ ಸೀಮೆಯ ನಮ್ಮ ಹೈಸ್ಕೂಲಿನಲ್ಲಿ ಯಾವ ಪಾಠ ಎಲ್ಲಿಂದ ಶುರುವಾಗಬೇಕು, ಎಲ್ಲಿ ತಡೆದು ನಿಲ್ಲಬೇಕು ಎಂಬುದನ್ನು ನಮ್ಮ ಗುರುಗಳು ಹುಟ್ಟಿ ಬೆಳೆದ ಬದುಕೇ ತೀರ್ಮಾನಿಸುತ್ತಿತ್ತು. ಈಗ ನಾನೂ ಶಿಕ್ಷಕ. ಪಾಠ ಟಿಪ್ಪಣಿ ಬರೆಯಲು ಕೂತರೆ ಆ ಗುರುಗಳಲ್ಲಿ ಮೂವರು ನೆನಪಾಗುತ್ತಾರೆ.

ಗಣಿತದ ಸರ್ ಇಳಕಲ್ಲಿನ ನೇಕಾರರ ಮನೆಯವರು. ಮಗ್ಗದ ಸದ್ದಿನ ನಡುವೆಯೇ ಓದಿ ಬಿ.ಇಡಿ. ಮುಗಿಸಿದವರು. ಒಂದು ಏರಿದಷ್ಟೇ ಪಟ್ಟು ಇನ್ನೊಂದು ಇಳಿಯುವ ವಿಲೋಮ ಅನುಪಾತಕ್ಕೆ ಎಲ್ಲರೂ ಹೇಳುವುದು ಗೋಡೆ ಕಟ್ಟುವ ಆಳುಗಳ ಲೆಕ್ಕ. ಸರ್ ಅದನ್ನು ಮೊದಲಿಗೆ ಮುಟ್ಟಲೇ ಇಲ್ಲ. ಹತ್ತಿನೂಲಿನ ಲಡಿಗಳನ್ನೂ (ಸುತ್ತಿದ ನೂಲಿನ ಕಟ್ಟುಗಳು) ಪ್ರಯೋಗಾಲಯದ ತಕ್ಕಡಿಯನ್ನೂ ತಂದು ಮೇಜಿನ ಮೇಲಿಟ್ಟರು.

"ನಂಬರ್ ಏರಿದಂಗ ನೂಲು ದಪ್ಪ ಆಗತೈತೋ, ಸಣ್ಣ ಆಗತೈತೋ?"

ದಪ್ಪ ಎಂದೆವು ನಾವು, ಒಕ್ಕಲುತನದ ಮನೆಯ ಮಕ್ಕಳು. ಹಿಂದಿನ ಸಾಲಿನಿಂದ ನೇಕಾರರ ಹುಡುಗನೊಬ್ಬ, "ಸಣ್ಣ ಆಗತೈತ್ರಿ ಸರ್" ಎಂದ. ಗಣಿತದ ತರಗತಿಯಲ್ಲಿ ಅವನ ದನಿ ಕೇಳಿದ್ದು ಅಂದೇ ಮೊದಲು. ಹತ್ತಿನೂಲಿನ ಹಳೆಯ ಅಳತೆಯಲ್ಲಿ ಒಂದು ಲಡಿಗೆ 840 ಗಜ. ಒಂದು ಪೌಂಡಿಗೆ ಎಷ್ಟು ಲಡಿ ತೂಗುತ್ತವೋ ಅದೇ ಆ ನೂಲಿನ ನಂಬರು. 20ನೇ ನಂಬರಿನ ಒಂದು ಲಡಿಗೆ 40ನೇ ನಂಬರಿನ ಎರಡು ಲಡಿ ಸರಿದೂಗಿದವು. ನಂಬರು ಎರಡು ಪಟ್ಟಾದರೆ ಅಷ್ಟೇ ಉದ್ದದ ನೂಲಿನ ತೂಕ ಅರ್ಧ. ಎರಡರ ಗುಣಲಬ್ಧ ಬದಲಾಗದು. ಸೂತ್ರ ಬೋರ್ಡಿಗೆ ಬಂದದ್ದು ಆಮೇಲೆ. ಶಾಲೆಯ ಹೊರಗಿನ ಬದುಕಿಗೆ ಜ್ಞಾನವನ್ನು ಜೋಡಿಸಬೇಕೆಂದು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹೇಳುತ್ತದೆ. ತರಬೇತಿಯಲ್ಲಿ ಆ ಮಾತು ಓದಿದಾಗ ನನ್ನ ಕಣ್ಣಿಗೆ ಕಟ್ಟಿದ್ದು ಆ ತಕ್ಕಡಿ. ಯಾವ ಮಗುವಿನ ಮನೆಯಲ್ಲಿ ಯಾವ ಲೆಕ್ಕ ಆಗಲೇ ನಡೆಯುತ್ತಿದೆ ಎಂಬುದು ಸರ್‌ಗೆ ತಿಳಿದಿತ್ತು. ಅದು ಯಾವ ತರಬೇತಿಯಿಂದಲೂ ಬರುವಂಥದ್ದಲ್ಲ.

ಹಾಗಾದರೆ ಬೇರೆ ಸೀಮೆಯಿಂದ ಬಂದವರ ಗತಿ? ವಿಜ್ಞಾನದ ಸರ್ ಕರಾವಳಿಯವರು. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಕಂಡವರು, ಅದರ ಐದರಲ್ಲೊಂದು ಪಾಲೂ ಬೀಳದ ನಮ್ಮೂರಿಗೆ ಬಂದಿದ್ದರು. ಮಣ್ಣಿನ ಪಾಠ ಮಾಡುವ ಮೊದಲು ನಮ್ಮನ್ನೇ ಕರೆದುಕೊಂಡು ಎರಿ ಹೊಲಕ್ಕೆ, ಕಪ್ಪು ಮಣ್ಣಿನ ನೆಲಕ್ಕೆ, ಹೋದರು. ಮಳೆ ಹೋದ ಮೇಲೆ ಬಿತ್ತಿದ ಹಿಂಗಾರಿ ಬಿಳಿಜೋಳ ಹೇಗೆ ಬರುತ್ತದೆಂದು ನಿಜವಾದ ಅಚ್ಚರಿಯಿಂದ ಕೇಳಿದರು. ನಮಗೆ ಅದು ಪ್ರಶ್ನೆ ಅಂತಲೇ ಅನಿಸಿರಲಿಲ್ಲ. ಜೇಡಿನ ಸೂಕ್ಷ್ಮ ಕಣಗಳು ನೀರನ್ನು ಹಿಡಿದಿಟ್ಟುಕೊಳ್ಳುವುದು, ಬೇಸಿಗೆಯಲ್ಲಿ ಅದೇ ನೆಲ ಬಿರಿಯುವುದು ಎಲ್ಲವೂ ಆ ಒಂದು ಅಚ್ಚರಿಯಿಂದ ಬಿಚ್ಚಿಕೊಂಡವು. ಹೊರಗಿನವರಾಗಿದ್ದರಿಂದಲೇ ಅವರಿಗೆ ಅದು ಕಂಡಿತು ಎಂದು ನಾನು ನಂಬಿದ್ದೇನೆ.

ಸಮಾಜ ವಿಜ್ಞಾನದ ಅಕ್ಕೋರ ತವರೂರು ಕೃಷ್ಣೆಯ ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿತ್ತು. ನದಿ ಯೋಜನೆಗಳ ಪಾಠದಲ್ಲಿ ನೀರಾವರಿ, ವಿದ್ಯುತ್ತು, ಎಲ್ಲ ಪ್ರಯೋಜನಗಳನ್ನೂ ಚೆನ್ನಾಗಿಯೇ ಕಲಿಸಿದರು. ಕಾಲುವೆಯ ನೀರು ಉಣ್ಣುವ ಹೊಲಗಳಿದ್ದ ಮನೆಯವರೂ ನಮ್ಮಲ್ಲಿದ್ದರು. ಬಳಿಕ ಹಳೆಯ ನಕಾಶೆ, ಹೊಸ ನಕಾಶೆ ಎರಡನ್ನೂ ಗೋಡೆಗೆ ತೂಗುಹಾಕಿ, ಒಂದರಲ್ಲಿದ್ದು ಇನ್ನೊಂದರಲ್ಲಿಲ್ಲದ ಊರುಗಳನ್ನು ಪಟ್ಟಿ ಮಾಡಲು ಹೇಳಿದರು. ಬಾಗಲಕೋಟೆಯ ಹಳೆ ಪೇಟೆಯಿಂದ ನವನಗರಕ್ಕೆ ಹೋದವರು, ಪುನರ್ವಸತಿ ಕೇಂದ್ರಗಳಲ್ಲಿ ಮನೆ ಕಟ್ಟಿಕೊಂಡವರು ನಮ್ಮ ಬಳಗದಲ್ಲಿ ಯಾರಿದ್ದಾರೆ, ಕೇಳಿಕೊಂಡು ಬನ್ನಿ ಎಂದರು. ಮರುವಾರದ ಪಾಠವನ್ನು ಮಾಡಿದ್ದು ನಾವೇ. ತಮ್ಮ ಮನೆಯ ಕಥೆಯನ್ನು ಅಕ್ಕೋರು ಹೇಳಿದ್ದು ಎಲ್ಲರದೂ ಮುಗಿದ ಮೇಲೆ, ಎರಡೇ ಮಾತಿನಲ್ಲಿ. ತಮ್ಮ ನೋವು ನಮ್ಮ ಅಭಿಪ್ರಾಯವಾಗಬಾರದೆಂಬ ಆ ಎಚ್ಚರಕ್ಕೆ ನನ್ನ ಗೌರವ ಇಂದಿಗೂ ಹೆಚ್ಚುತ್ತಲೇ ಇದೆ.

ನಮ್ಮ ಶಾಲೆಯ ಈ ಸಂಚಿಕೆಯ ಸಂಪಾದಕರಲ್ಲಿ ಒಂದು ಬಿನ್ನಹ. ವಾರವಾರ ಮುಖ್ಯಗುರುಗಳ ಸಹಿಯಾಗುತ್ತಿದ್ದ ಈ ಮೂವರ ಟಿಪ್ಪಣಿ ಪುಸ್ತಕಗಳು ಶಾಲೆಯ ಕಪಾಟಿನಲ್ಲಿ ಉಳಿದಿದ್ದರೆ ದಯವಿಟ್ಟು ರದ್ದಿಗೆ ಹಾಕಬೇಡಿ. ಒಂದೊಂದು ಸಂಚಿಕೆಯಲ್ಲಿ ಒಂದೊಂದು ಪಾಠವನ್ನು ಅಚ್ಚು ಹಾಕಿ. ಅಕ್ಷರ ಜೋಡಿಸುವ ಕೆಲಸಕ್ಕೆ ನಾನು ಬರುತ್ತೇನೆ.