ಬೆನ್ನ ಮೇಲಿನ ಏಳು ದುಂಡು ಗುರುತು

ಸಿಂಧನೂರಿನಲ್ಲಿ ನನ್ನದು ಟೈಲರಿಂಗ್ ಅಂಗಡಿ. ದೀಪಾವಳಿ ಹೊತ್ತಿಗೆ ದಿನಾ 10 ತಾಸು ಮಷೀನಿನ ಮುಂದೆ ಬಗ್ಗಿ ಕೂತು ಹೆಗಲು ಕಲ್ಲಾಗಿತ್ತು. ಗೆಳತಿ ಬಿಡಲೇ ಇಲ್ಲ, ಕಪ್ಪಿಂಗ್ (ಮೈಗೆ ಕಪ್ಪು ಹಿಡಿಸುವ ಚಿಕಿತ್ಸೆ) ಮಾಡಿಸಲು ರಾಯಚೂರಿಗೆ ಕರೆದುಕೊಂಡು ಹೋದಳು.

ಸ್ಪಿರಿಟ್‌ನಲ್ಲಿ ಅದ್ದಿದ ಹತ್ತಿಗೆ ಬೆಂಕಿ ಹಚ್ಚಿ, ಗಾಜಿನ ಕಪ್ಪಿನೊಳಗೆ ಒಂದು ಸುತ್ತು ಆಡಿಸಿ ತೆಗೆದು, ಅಲ್ಲಿನ ಚಿಕಿತ್ಸಕರು ಥಟ್ಟನೆ ಬೆನ್ನಿಗೆ ಇಟ್ಟರು. ಒಳಗಿನ ಬಿಸಿ ಗಾಳಿ ಆರಿದಂತೆ ಒತ್ತಡ ಇಳಿದು ಚರ್ಮ ಮೇಲೆ ಉಬ್ಬುತ್ತದೆ. "ಅಕ್ಕಾ, ಉರಿ ಅನಿಸಿದ್ರ ಹೇಳ್ರಿ" ಅಂದರು. ಉರಿಯಲಿಲ್ಲ. ಯಾರೋ ಚರ್ಮ ಹಿಡಿದು ಎಳೆದಂತಿತ್ತು, ಅಷ್ಟೇ.

ಆಗ ಅಜ್ಜಿ ನೆನಪಾದಳು. ಸಣ್ಣವಳಿದ್ದಾಗ ಹೊಟ್ಟೆನೋವು ಬಂದರೆ 'ಬಟ್ಟಿ ಸರಿದೈತಿ' (ಹೊಕ್ಕಳು ಜಾರಿದೆ) ಅಂತ ಹೊಟ್ಟೆ ಮೇಲೆ ಹಣತೆ ಹಚ್ಚಿಟ್ಟು ತಂಬಿಗೆ ಬೋರಲು ಹಾಕುತ್ತಿದ್ದಳು. ದೀಪ ಆರಿ ತಂಬಿಗೆ ಗಪ್ಪನೆ ಹಿಡಿಯುತ್ತಿತ್ತು. ಅದೂ ಇದೇ ಅಲ್ವಾ!

ಚೀನಾದಲ್ಲಿ ಇದು ಬಾ ಗುವಾನ್. 4ನೇ ಶತಮಾನದ ವೈದ್ಯ ಗೆ ಹೋಂಗ್ ಕಪ್ಪಿನ ಬದಲು ಪ್ರಾಣಿಯ ಕೊಂಬನ್ನು ಹೀಗೆ ಮೈಗೆ ಇಡುವ ಬಗ್ಗೆ ಬರೆದಿದ್ದಾನೆ. ಕಟ್ಟಿಕೊಂಡ 'ಚೀ' (ಮೈಯೊಳಗಿನ ಜೀವಶಕ್ತಿ) ಮತ್ತು ರಕ್ತ ಹರಿಯುತ್ತದೆ ಅನ್ನೋದು ಅವರ ನಂಬಿಕೆ. 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಈಜುಗಾರ ಮೈಕಲ್ ಫೆಲ್ಪ್ಸ್ ಮೈಮೇಲೆ ಕಂಡದ್ದೂ ಇದೇ ಗುರುತು.

ನನ್ನ ಹೆಗಲು ಎರಡು ದಿನ ಹಗುರಾಗಿತ್ತು, ಆಮೇಲೆ ಮತ್ತೆ ಬಿಗಿಯಿತು. ಕಾಯಿಲೆ ವಾಸಿಯಾಗುತ್ತದೆ ಅಂತ ನಾನಂತೂ ಹೇಳಲ್ಲ. ನೇರಳೆ ಗುರುತುಗಳು ಅಂದರೆ ಚರ್ಮದಡಿ ಸಣ್ಣ ರಕ್ತನಾಳ ಒಡೆದದ್ದು. ಮಾಯಲು 9 ದಿನ ಬೇಕಾಯಿತು.

ಅದನ್ನು ನೋಡಿ ಅತ್ತೆ "ನಾನೂ ಮಾಡಿಸ್ಕೊತೀನಿ" ಅಂದರು. ಅವರು ರಕ್ತ ತೆಳುವಾಗುವ ಮಾತ್ರೆ ನುಂಗುವವರು. ಡಾಕ್ಟರನ್ನು ಕೇಳದೆ ಬೇಡವೇ ಬೇಡ್ರಿ ಅಂತ ಕೈ ಹಿಡಿದು ಕೂರಿಸಿ, ಬಿಸಿನೀರಿನ ಚೀಲ ತಂದು ಬೆನ್ನಿಗಿಟ್ಟೆ.