ಕೋರೋ ಗೋಲು ಹೊಡೆಯದ ರಾತ್ರಿ

ಅಕ್ಕನನ್ನು ಕಾರವಾರದ ಕಡೆಗೆ ಕೊಟ್ಟಿದ್ದರಿಂದ ನಮ್ಮ ಮನೆಗೆ ಬಂದದ್ದು ಎರಡು: ವರ್ಷವಿಡೀ ಕೋಕಂ, ವರ್ಷವಿಡೀ ಫುಟ್‌ಬಾಲ್ ಜಗಳ. ಭಾವ ಹುಟ್ಟಿ ಬೆಳೆದದ್ದು ಸದಾಶಿವಗಡದಲ್ಲಿ. ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತಾರೆ. ಅವರಿಗೆ ಬೆಂಗಳೂರೆಂದರೆ ಇಡೀ ರಾತ್ರಿಯ ಬಸ್ ಪ್ರಯಾಣ. ಮಾಜಾಳಿ ದಾಟಿದರೆ ಗೋವಾ, ಇನ್ನಷ್ಟು ಹೋದರೆ ಮಡಗಾಂವ್, ಅಲ್ಲೇ ಫತೋರ್ಡಾ ಮೈದಾನ. ಹಾಗಾಗಿ ಕರ್ನಾಟಕದ ಸಂಬಳ ತಿಂದರೂ ಅವರ ತಂಡ ಎಫ್‌ಸಿ ಗೋವಾ. ನಾನು ಕಂಠೀರವದಲ್ಲಿ ಕೂಗಿ ಗಂಟಲು ಕೆಡಿಸಿಕೊಂಡವನು, ಬೆಂಗಳೂರು ಎಫ್‌ಸಿಯವನು.

2017ರ ನವೆಂಬರ್ 30ರ ರಾತ್ರಿ ಭಾವ ಫತೋರ್ಡಾದಿಂದಲೇ ಫೋನ್ ಮಾಡಿದ್ದರು. ಹಿಂದಿನ ಗದ್ದಲದಲ್ಲಿ ಅವರ ಮಾತು ಅರ್ಧಕ್ಕರ್ಧ ಕೇಳಿಸಲಿಲ್ಲ. ಕೇಳಿಸಿದ್ದಿಷ್ಟು: "ನಿಮ್ಮ ಗುರ್‌ಪ್ರೀತ್‌ಗೆ ಕೆಂಪು ಕಾರ್ಡು, ನಮ್ಮ ಕೋರೋಗೆ ಮೂರು ಗೋಲು!" ಗೋವಾ 4, ಬೆಂಗಳೂರು 3. ಮುಂದಿನ ಪಂದ್ಯದಲ್ಲಿ ಅದೇ ಮನುಷ್ಯ ಕೇರಳ ಬ್ಲಾಸ್ಟರ್ಸ್ ವಿರುದ್ಧವೂ ಮೂರು ಗೋಲು ಹೊಡೆದ, ಅದೂ ದ್ವಿತೀಯಾರ್ಧ ಶುರುವಾಗಿ ಹತ್ತು ನಿಮಿಷ ಕಳೆಯುವುದರೊಳಗೆ. ಆಗ ನಾನು ಈ ಕೋರೋ, ಅಂದರೆ ಸ್ಪೇನ್‌ನ ಫೆರ್ರಾನ್ ಕೊರೊಮಿನಾಸ್, ಯಾರೆಂದು ಹುಡುಕಿದೆ. ವಯಸ್ಸು 34. ಕೊನೆಯದಾಗಿ ಆಡಿದ್ದು ಸೈಪ್ರಸ್‌ನ ಡೋಕ್ಸಾ ಕಟೊಕೊಪಿಯಾಸ್ ಎಂಬ ತಂಡಕ್ಕೆ. ನಿವೃತ್ತಿಗೆ ಮುಂಚೆ ಸಮುದ್ರ ತೀರದಲ್ಲಿ ಒಂದಷ್ಟು ದುಡಿದುಕೊಂಡು ಹೋಗಲು ಬಂದವನು ಎಂದು ತೀರ್ಮಾನಿಸಿದೆ. ಆ ಋತುವಿನಲ್ಲಿ ಅವನು 18 ಗೋಲು ಹೊಡೆದು, ಅತಿ ಹೆಚ್ಚು ಗೋಲು ಹೊಡೆದವನಿಗೆ ಕೊಡುವ ಚಿನ್ನದ ಬೂಟು ಗೆದ್ದ. ಭಾವನಿಂದ ಆ ವರ್ಷ ನನಗೆ ಬಂದ ಹೊಸವರ್ಷದ ಶುಭಾಶಯದಲ್ಲೂ ಕೋರೋನ ಚಿತ್ರವಿತ್ತು.

ಮರುವರ್ಷ ಇಂಡಿಯನ್ ಸೂಪರ್ ಲೀಗ್‌ನ (ಐಎಸ್‌ಎಲ್) ಫೈನಲ್‌ಗೆ ಬಂದದ್ದು ನಮ್ಮಿಬ್ಬರ ತಂಡಗಳೇ. 2019ರ ಮಾರ್ಚ್ 17, ಭಾನುವಾರ, ಮುಂಬೈನ ಅಂಧೇರಿ. ನಾನು ಆಗಲೇ ಕೆಲಸದ ಮೇಲೆ ಮುಂಬೈಗೆ ಬಂದು ಘಾಟ್ಕೋಪರ್‌ನಲ್ಲಿ ಮನೆ ಮಾಡಿದ್ದೆ. ಭಾವ ಮತ್ಸ್ಯಗಂಧಾ ರೈಲು ಹತ್ತಿ ಬೆಳಗ್ಗೆ ಬಂದಿಳಿದರು. ಕೈಯಲ್ಲಿ ಅಕ್ಕ ಕಟ್ಟಿಕೊಟ್ಟ ಕೋಕಂ, ಹೆಗಲ ಚೀಲದಲ್ಲಿ ಮಡಚಿಟ್ಟ ಕಿತ್ತಳೆ ಬಣ್ಣದ ಜೆರ್ಸಿ. ಮನೆಯಲ್ಲಿ ಸ್ನಾನ ಮುಗಿಸಿ ಅದನ್ನು ತೊಟ್ಟು ಕನ್ನಡಿಯ ಮುಂದೆ ನಿಂತಾಗ ಐವತ್ತು ದಾಟಿದ ಗಣಿತ ಮೇಷ್ಟ್ರು ಎಲ್ಲಿ ಹೋದರೋ ಗೊತ್ತಾಗಲಿಲ್ಲ.

ನನಗೂ ಆ ತಾರೀಖಿನ ಲೆಕ್ಕ ಒಂದಿತ್ತು. ಸರಿಯಾಗಿ ಒಂದು ವರ್ಷದ ಹಿಂದೆ, 2018ರ ಮಾರ್ಚ್ 17ರಂದು, ಕಂಠೀರವದಲ್ಲೇ ಬೆಂಗಳೂರು ಫೈನಲ್ ಸೋತಿತ್ತು. ಚೆನ್ನೈಯಿನ್ 3, ನಾವು 2. ಅದನ್ನು ಹೇಳಿದರೆ ಭಾವ ಸುಮ್ಮನಿರುತ್ತಾರೆಯೇ? 2015ರ ಫೈನಲ್‌ನಲ್ಲಿ ಇದೇ ಚೆನ್ನೈಯಿನ್ ಇದೇ 3-2ರಿಂದ ಗೋವಾವನ್ನು ಫತೋರ್ಡಾದಲ್ಲೇ ಸೋಲಿಸಿದ್ದನ್ನು ತೆಗೆದು ಎದುರಿಗಿಟ್ಟರು. ದುಃಖದಲ್ಲೂ ಸಮಬಲ ಸಾಧಿಸದೆ ಅವರಿಗೆ ನಿದ್ದೆ ಬಾರದು.

ಅಂಧೇರಿಯ ಮೈದಾನ ಚಿಕ್ಕದು. ಕಂಠೀರವದಲ್ಲಿ ಆಟದ ಅಂಗಳಕ್ಕೂ ನಮಗೂ ನಡುವೆ ಓಟದ ಟ್ರ್ಯಾಕ್ ಇರುವುದರಿಂದ ಆಟಗಾರರು ದೂರದ ನೆಂಟರ ಹಾಗೆ ಕಾಣುತ್ತಾರೆ. ಇಲ್ಲಿ ಹಾಗಲ್ಲ. ಬೂಟು ಚೆಂಡಿಗೆ ತಾಗುವ ಸದ್ದು ಕೇಳುತ್ತದೆ, ಬೆವರಿಗೆ ಅಂಟಿದ ಬಟ್ಟೆ ಕಾಣುತ್ತದೆ. ಕುಳಿತ ತಕ್ಷಣ ಭಾವ ಒಂದು ಕರಾರು ಹಾಕಿದರು. "ಇವತ್ತು ನೀನು ಚೆಂಡಿನ ಹಿಂದೆ ಕಣ್ಣು ಓಡಿಸಬೇಡ ಮಾರಾಯ. ಕೋರೋನನ್ನು ಮಾತ್ರ ನೋಡು. ಅರ್ಧ ಪಂದ್ಯ ಸಾಕು."

ಫುಟ್‌ಬಾಲ್ ನೋಡಲು ಬಂದು ಚೆಂಡು ನೋಡಬೇಡ ಎಂದರೆ ಯಾರಿಗೆ ಸಿಟ್ಟು ಬರುವುದಿಲ್ಲ? ಆದರೂ ಟಿಕೆಟ್ ತೆಗೆಸಿದವರು ಅವರು. ನೋಡಿದೆ.

ಮೊದಲು ಕಂಡದ್ದು, ಅವನು ಹೆಚ್ಚು ಹೊತ್ತು ನಡೆಯುತ್ತಿರುತ್ತಾನೆ ಎಂಬುದು. ಓಡುವುದಿಲ್ಲ, ನಡೆಯುತ್ತಾನೆ. ನಮ್ಮ ರಕ್ಷಕ ಹುವಾನನ್ ಎಲ್ಲಿದ್ದಾನೆಂದು ತಿರುಗಿ ನೋಡುತ್ತಾನೆ, ಮತ್ತೆ ಚೆಂಡಿನ ಕಡೆ, ಮತ್ತೆ ಹುವಾನನ್ ಕಡೆ. ರಕ್ಷಕನ ಕಣ್ಣಿಗೆ ಬೀಳುವಂತೆ ಎದುರಿಗೆ ನಿಲ್ಲುವುದೇ ಇಲ್ಲ. ಅವನ ಬೆನ್ನ ಹಿಂದಿನ ಪಕ್ಕಕ್ಕೆ ಹೋಗಿ ನಿಲ್ಲುತ್ತಾನೆ. ಚೆಂಡು ನೋಡಬೇಕೆಂದರೆ ರಕ್ಷಕ ಇವನನ್ನು ಬಿಡಬೇಕು, ಇವನನ್ನು ನೋಡಬೇಕೆಂದರೆ ಚೆಂಡು ಬಿಡಬೇಕು. ನಡುಮೈದಾನದಲ್ಲಿ ಗೋವಾ ತಂಡದ ಮೊರಾಕ್ಕೊ ಆಟಗಾರ ಅಹ್ಮದ್ ಜಹೂ ತಲೆ ಎತ್ತಿದ ಕೂಡಲೇ ಕೋರೋನ ನಡಿಗೆ ನಿಲ್ಲುತ್ತದೆ. ಎರಡು ಹೆಜ್ಜೆ ಮುಂದಕ್ಕೆ ಬಂದಂತೆ ಮಾಡುತ್ತಾನೆ, ರಕ್ಷಕ ಹಿಂಬಾಲಿಸುತ್ತಾನೆ, ಅಷ್ಟರಲ್ಲಿ ಇವನು ತೆರವಾದ ಜಾಗಕ್ಕೆ ಜಾರಿಬಿಟ್ಟಿರುತ್ತಾನೆ. ಆ ರಾತ್ರಿ ಇದನ್ನು ಎಷ್ಟು ಸಲ ಮಾಡಿದನೋ. ಹೆಚ್ಚಿನ ಸಲ ಚೆಂಡು ಬರಲೇ ಇಲ್ಲ. ಬಾರದಿದ್ದಾಗ ಕೈ ಎತ್ತಿ ಗೊಣಗದೆ ಮತ್ತೆ ನಡೆಯುತ್ತಾ ಹಳೆಯ ಜಾಗಕ್ಕೆ ಬರುತ್ತಿದ್ದ.

ಬೇಡವೆಂದುಕೊಂಡರೂ ನನಗೆ ರುಚಿ ಹತ್ತಿತು. ಟಿವಿಯಲ್ಲಿ ಇದು ಕಾಣುವುದೇ ಇಲ್ಲ. ಕ್ಯಾಮೆರಾಗೆ ಚೆಂಡೇ ದೇವರು.

ಮೊದಲಾರ್ಧ ನಡೆಯುತ್ತಿರುವಾಗಲೇ ನಮ್ಮ ಸುತ್ತ ಕುಳಿತಿದ್ದ ಗೋವಾದವರ ಮೊಬೈಲುಗಳು ಒಂದಾದ ಮೇಲೊಂದು ಬೆಳಗತೊಡಗಿದವು. ಮುಂದಿನ ಸಾಲಿನಲ್ಲಿದ್ದ ಹಿರಿಯರೊಬ್ಬರು ಪರದೆಯನ್ನು ಕಣ್ಣಿನ ಹತ್ತಿರ ಹಿಡಿದು ಓದಿ, ಪಕ್ಕದವರಿಗೆ ಕೊಂಕಣಿಯಲ್ಲಿ ಹೇಳಿದರು: ಪರೀಕರ್ ಹೋದರಂತೆ. ಗೋವಾದ ಮುಖ್ಯಮಂತ್ರಿ ಮನೋಹರ ಪರೀಕರ್ ಬಹಳ ದಿನಗಳಿಂದ ಕ್ಯಾನ್ಸರ್‌ನಿಂದ ಹಾಸಿಗೆ ಹಿಡಿದಿದ್ದರು. ಸುದ್ದಿ ನಿರೀಕ್ಷಿತವೇ, ಆದರೆ ಇದೇ ಸಂಜೆ ಬರಬೇಕೇ? ಕಿತ್ತಳೆ ಬಣ್ಣದ ಗುಂಪಿನಲ್ಲಿ ಕೆಲವರು ಎದ್ದು ಮನೆಗೆ ಫೋನ್ ಹಚ್ಚಿದರು. ಡೋಲು ಬಾರಿಸುತ್ತಿದ್ದ ಹುಡುಗ ಬಾರಿಸಲೋ ಬೇಡವೋ ಎಂದು ಸುತ್ತ ನೋಡಿದ. ಭಾವ ಪಕ್ಷ ರಾಜಕೀಯದಲ್ಲಿ ಪರೀಕರ್ ಕಡೆಯವರಲ್ಲ. ಆದರೂ ಕನ್ನಡಕ ತೆಗೆದು ಒರೆಸಿಕೊಂಡು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಅಂಗಳದಲ್ಲಿ ಆಟ ತನ್ನ ಪಾಡಿಗೆ ಸಾಗಿತ್ತು. ಸ್ವಲ್ಪ ಹೊತ್ತಿನ ಮೇಲೆ ಡೋಲು ಮತ್ತೆ ಶುರುವಾಯಿತು, ಮೊದಲಿಗಿಂತ ನಿಧಾನಕ್ಕೆ.

90 ನಿಮಿಷ ಗೋಲಿಲ್ಲ. ನಮ್ಮ ಮಿಕು ಹೊಡೆದ ಚೆಂಡು ಕಂಬಕ್ಕೆ ಬಡಿದಾಗ ನಾನು ಕರಾರು ಮರೆತು ಎದ್ದು ನಿಂತಿದ್ದೆ. ಹೆಚ್ಚುವರಿ ಅವಧಿಯ ಮೊದಲ ಭಾಗ ಮುಗಿಯುವ ಹೊತ್ತಿಗೆ ಜಹೂ ಎರಡನೇ ಹಳದಿ ಕಾರ್ಡು ಪಡೆದು ಹೊರನಡೆದ. ಭಾವ ತಲೆಗೆ ಕೈ ಹಚ್ಚಿದರು. ಅವರ ಲೆಕ್ಕ ಸರಿಯಾಗಿತ್ತು: ಹೊರಗೆ ಹೋದದ್ದು ಜಹೂ ಒಬ್ಬನಲ್ಲ. ಕೋರೋನ ಆ ಎರಡು ಹೆಜ್ಜೆಗಳಿಗೆ ಅರ್ಥ ಕೊಡುತ್ತಿದ್ದದ್ದೇ ಜಹೂನ ಪಾಸ್. ಅಲ್ಲಿಂದ ಮುಂದೆ ಮುಂಚೂಣಿಯವನು ಅನಾಥ.

117ನೇ ನಿಮಿಷ. ದಿಮಾಸ್ ದೆಲ್ಗಾದೋ ಕಾರ್ನರ್, ರಾಹುಲ್ ಭೇಕೆ ಹೆಡರ್, ಗೋಲು. ಅಲ್ಲಿಂದ ಮುಂದಿನದು ನನಗೆ ಸರಿಯಾಗಿ ನೆನಪಿಲ್ಲ. ನೀಲಿ ಅಂಗಿಯ ಅಪರಿಚಿತರೊಬ್ಬರು ನನ್ನನ್ನು ಎತ್ತಿಕೊಂಡಿದ್ದರು ಎಂದು ಭಾವ ಆಮೇಲೆ ಸಾಕ್ಷಿ ಹೇಳಿದರು. ಬೆಂಗಳೂರು ಮೊದಲ ಸಲ ಐಎಸ್‌ಎಲ್ ಗೆದ್ದಿತ್ತು.

ಬಹುಮಾನ ವಿತರಣೆಯಲ್ಲಿ ಚಿನ್ನದ ಬೂಟು ಕೋರೋಗೆ, 16 ಗೋಲುಗಳಿಗೆ. ಲೀಗಿನ ಶ್ರೇಷ್ಠ ಆಟಗಾರನಿಗೆ ಕೊಡುವ ಚಿನ್ನದ ಚೆಂಡೂ ಕೋರೋಗೆ. ನಮ್ಮವರು ಕುಣಿಯುತ್ತಿದ್ದ ಗದ್ದಲದಲ್ಲಿ ಆ ಘೋಷಣೆ ನನಗೆ ಕೇಳಿಸಲೂ ಇಲ್ಲ. ಸೋತು ನಿಂತವನನ್ನು ಗೆದ್ದವರ ಸಡಗರದ ನಡುವೆ ಕರೆದು ಕೈಗೆ ಪದಕ ಕೊಡುವುದು ಎಲ್ಲ ಕ್ರೀಡೆಗಳಲ್ಲೂ ಇರುವ ಪದ್ಧತಿ. ನನಗಂತೂ ಅದು ಕ್ರೌರ್ಯವೆನಿಸುತ್ತದೆ. ಮರುದಿನ ಅಂಚೆಯಲ್ಲಿ ಕಳಿಸಿದರೆ ಏನು ಗಂಟು ಹೋಗುತ್ತದೆ?

ಆಜಾದ್ ನಗರದಲ್ಲಿ ಮೆಟ್ರೊ ಹತ್ತಿ ಘಾಟ್ಕೋಪರ್‌ನಲ್ಲಿ ಇಳಿದಾಗ ಹೊಟ್ಟೆ ಚುರುಗುಟ್ಟುತ್ತಿತ್ತು. ಸ್ಟೇಷನ್ ಹೊರಗಿನ ಗಾಡಿಯಲ್ಲಿ ಪಾವ್ ಭಾಜಿ ಹೇಳಿ ನಿಂತೆವು. ಗೆದ್ದವನು ನಾನಾದ್ದರಿಂದ ಹಣ ನನ್ನದು. ಸಮಾಧಾನ ಹೇಳುವ ಧಾಟಿಯಲ್ಲಿ, "ನಿಮ್ಮ ಕೋರೋಗೆ ದೊಡ್ಡ ಪಂದ್ಯ ಒಗ್ಗುವುದಿಲ್ಲ ಬಿಡಿ ಭಾವ" ಎಂದೆ. ಅಷ್ಟೇ ಸಾಕಾಯಿತು. ಬೆಣ್ಣೆ ಮೆತ್ತಿದ ಬೆರಳನ್ನು ಕಾಗದಕ್ಕೆ ಒರೆಸಿಕೊಂಡು ಮೊಬೈಲ್ ತೆಗೆದರು.

ತೋರಿಸಿದ್ದು 2006ರ ಮೇ 13ರ ದೃಶ್ಯ. ಬಾರ್ಸಿಲೋನಾದ ಮೊಂಜುಯಿಕ್ ಬೆಟ್ಟದ ಒಲಿಂಪಿಕ್ ಕ್ರೀಡಾಂಗಣ. ಅಲ್ಲೂ ನಮ್ಮ ಕಂಠೀರವದಂತೆ ಸುತ್ತ ಓಟದ ಟ್ರ್ಯಾಕ್. ಸ್ಪೇನ್‌ನ ಮೊದಲ ದರ್ಜೆಯ ಲೀಗ್ ಆದ ಲಾ ಲಿಗಾದ ಕೊನೆಯ ದಿನ. ಕೋರೋ ಆಗ ಆಡುತ್ತಿದ್ದ ಎಸ್ಪಾನ್ಯೋಲ್ ತಂಡ ರಿಯಲ್ ಸೊಸಿಯೆದಾದ್ ವಿರುದ್ಧ ಗೆಲ್ಲದಿದ್ದರೆ ಎರಡನೇ ದರ್ಜೆಗೆ ಜಾರುವ ಸ್ಥಿತಿ. ಒಂದು ತಿಂಗಳ ಹಿಂದಷ್ಟೇ ಅದೇ ತಂಡ ಸರಗೋಸಾವನ್ನು 4-1ರಿಂದ ಸೋಲಿಸಿ ಸ್ಪೇನ್‌ನ ರಾಜನ ಕಪ್ ಗೆದ್ದಿತ್ತು. ಅದರಲ್ಲೂ ಕೋರೋನದೊಂದು ಗೋಲು. ಕಪ್ ಗೆದ್ದವರು ಕೆಳಗೆ ಬಿದ್ದರೆ ಊರಿಡೀ ನಗುತ್ತಿತ್ತು, ಅದರಲ್ಲೂ ನೆರೆಯ ಬಾರ್ಸಾದವರು. 90 ನಿಮಿಷ ಮುಗಿದರೂ 0-0. ಇಂಜುರಿ ಅವಧಿಯಲ್ಲಿ ಕೋರೋ ಹೊಡೆದ. ಎಸ್ಪಾನ್ಯೋಲ್ ಉಳಿಯಿತು, ಅಲಾವೆಸ್ ಇಳಿಯಿತು. ಮೊಬೈಲಿನ ಸಣ್ಣ ಪರದೆಯಲ್ಲಿ ಟ್ರ್ಯಾಕ್ ದಾಟಿ ಓಡಿ ಬರುವ ಜನ, ಅರ್ಥವಾಗದ ಭಾಷೆಯಲ್ಲಿ ಕಿರುಚುವ ವೀಕ್ಷಕ ವಿವರಣೆ. ಗಾಡಿಯವನೂ ಸೌಟು ನಿಲ್ಲಿಸಿ ಬಗ್ಗಿ ನೋಡಿದ.

"ಇದು ಸಣ್ಣ ಪಂದ್ಯವೇನು?" ಎಂದರು ಭಾವ.

ಅಲ್ಲ. ಆದರೆ ಆ ಗೋಲಿನ ಮೊದಲೂ ಆಮೇಲೂ ಅವನ ವೃತ್ತಿಜೀವನ ನೋಡಿದರೆ, ಆ ಮನುಷ್ಯ ಬಹುಪಾಲು ಅಂಧೇರಿಯಂಥ ರಾತ್ರಿಗಳನ್ನೇ ಕಂಡಿದ್ದಾನೆ ಎಂದು ನನಗೆ ಅನ್ನಿಸುತ್ತದೆ. ಜಿರೋನಾ ಪ್ರಾಂತ್ಯದ ವಿಲೋಬಿ ದೊನ್ಯಾರ್ ಎಂಬ ಸಣ್ಣ ಊರಿನವನು. ಎಸ್ಪಾನ್ಯೋಲ್‌ನಲ್ಲಿ ತಾಮುದೋ, ಲೂಯಿಸ್ ಗಾರ್ಸಿಯಾರಂಥವರ ನೆರಳಲ್ಲಿ ಹೆಚ್ಚಾಗಿ ಅಂಚಿನಲ್ಲಿ ಆಡಿದವನು. ಗೋಲುಗಳ ರಾಶಿ ಹಾಕಿದವನಲ್ಲ. 2007ರಲ್ಲಿ ಯುರೋಪಿನ ಕ್ಲಬ್‌ಗಳ ಯುಇಎಫ್‌ಎ ಕಪ್‌ನಲ್ಲಿ ಆ ತಂಡ ಒಂದು ಪಂದ್ಯವನ್ನೂ ಸೋಲದೆ ಗ್ಲಾಸ್ಗೋದ ಫೈನಲ್ ತಲುಪಿ, 2-2 ಆದ ಮೇಲೆ ಪೆನಾಲ್ಟಿಗಳಲ್ಲಿ ಸೆವಿಯ್ಯಾಗೆ ಕಪ್ ಬಿಟ್ಟುಕೊಟ್ಟಿತು. ಆಮೇಲೆ ಎಲ್ಚೆ. 2013ರಲ್ಲಿ ಅವರನ್ನು ಲಾ ಲಿಗಾಕ್ಕೆ ಏರಿಸಿದ ತಂಡದಲ್ಲಿದ್ದ. 2015ರಲ್ಲಿ ಎಲ್ಚೆ ಅಂಗಳದಲ್ಲಿ 13ನೇ ಸ್ಥಾನ ಪಡೆದು ಸುರಕ್ಷಿತವಾಗಿತ್ತು, ಆದರೆ ತೆರಿಗೆ ಬಾಕಿಯ ಕಾರಣಕ್ಕೆ ಅದನ್ನು ಕೆಳದರ್ಜೆಗೆ ತಳ್ಳಿದರು. ಒಂದು ತಂಡವನ್ನು ಕೊನೆಯ ನಿಮಿಷದಲ್ಲಿ ಉಳಿಸಿದವನ ಇನ್ನೊಂದು ತಂಡ ಲೆಕ್ಕದ ಪುಸ್ತಕಕ್ಕೆ ಬಲಿಯಾಯಿತು. ಅಲ್ಲಿಂದ ಮಯೋರ್ಕಾ, ಅಲ್ಲಿಂದ ಸೈಪ್ರಸ್. ಆ ಡೋಕ್ಸಾ ಕೂಡ ಊರು ಕಳೆದುಕೊಂಡ ತಂಡವೇ. 1974ರ ಆಕ್ರಮಣದಲ್ಲಿ ಕಟೊಕೊಪಿಯಾ ತುರ್ಕಿ ಸೈನ್ಯದ ಕೈಸೇರಿದ ಮೇಲೆ ತಂಡ ಬೇರೆಡೆ ಬಿಡಾರ ಹೂಡಿತು.

ಹೀಗೆ ಊರೂರು ತಿರುಗಿದವನು 34ನೇ ವಯಸ್ಸಿನಲ್ಲಿ ಗೋವಾಕ್ಕೆ ಬಂದು ಯಾಕೆ ಹೀಗೆ ಗೋಲು ಸುರಿಸಿದ? ಇಲ್ಲಿನ ರಕ್ಷಣೆ ದುರ್ಬಲ ಎನ್ನುವುದು ಸುಲಭದ ಉತ್ತರ, ಅಂದು ಬೆಳಗ್ಗೆಯವರೆಗೆ ನನ್ನದೂ ಅದೇ. ಆದರೆ ಇಲ್ಲಿಗೆ ಬಂದ ವಿದೇಶಿ ಮುಂಚೂಣಿಯವರೆಲ್ಲ ಇದೇ ರಕ್ಷಣೆಯ ಎದುರು ಆಡಿದರು. ಸತತ ಎರಡು ವರ್ಷ ಚಿನ್ನದ ಬೂಟು ಗೆದ್ದವನು ಇವನೊಬ್ಬ. ಕೋಚ್ ಸೆರ್ಖಿಯೊ ಲೊಬೇರಾ ಅವನನ್ನು ಮುಂಚೂಣಿಯ ನಡುವೆ ನಿಲ್ಲಿಸಿದರು, ಹಿಂದೆ ಜಹೂ, ಬ್ರ್ಯಾಂಡನ್, ಎದು ಬೇದಿಯಾರಂಥ ಪಾಸ್ ಕೊಡುವವರನ್ನು ಇಟ್ಟರು. ವೇಗ ಕಡಿಮೆಯಾದ ವಯಸ್ಸಿನಲ್ಲಿ ಜಾಗ ಹುಡುಕುವ ಬುದ್ಧಿ ಹೆಚ್ಚಾಗಿತ್ತು. ಅದಕ್ಕೆ ತಕ್ಕ ತಂಡ ಅವನಿಗೆ ಸಿಕ್ಕಿದ್ದು ಮಡಗಾಂವ್‌ನಲ್ಲಿ. ಇದನ್ನೆಲ್ಲ ನಾನು ಭಾವನಿಗೆ ಹೇಳಲಿಲ್ಲ. ಹೇಳಿದ್ದರೆ ರೈಲು ಹತ್ತುವವರೆಗೂ ಬಿಡುತ್ತಿರಲಿಲ್ಲ.

ಒಂದು ತಿಂಗಳೊಳಗೆ ಅವರಿಗೆ ಸೇಡು ಸಿಕ್ಕಿತು. ಏಪ್ರಿಲ್ 13ರಂದು ಭುವನೇಶ್ವರದಲ್ಲಿ ನಡೆದ ಸೂಪರ್ ಕಪ್ ಫೈನಲ್‌ನಲ್ಲಿ ಗೋವಾ 2-1ರಿಂದ ಗೆದ್ದಿತು. ಸೋತದ್ದು ಚೆನ್ನೈಯಿನ್, ಒಂದು ಗೋಲು ಕೋರೋನದು. ಎದುರಾಳಿ ಯಾರೆಂದು ನೆನೆದು ನಾನೂ ಆ ರಾತ್ರಿ ಗೋವಾ ಕಡೆಯವನೇ ಆಗಿದ್ದೆ. 2020ರಲ್ಲಿ ಅವನು ಗೋವಾ ಬಿಟ್ಟಾಗ ಲೆಕ್ಕ ಹೀಗಿತ್ತು: ಐಎಸ್‌ಎಲ್‌ನಲ್ಲಿ 57 ಪಂದ್ಯ, 48 ಗೋಲು. ಕಂಠೀರವದಲ್ಲಿ ಮಾತ್ರ ಐಎಸ್‌ಎಲ್‌ನ ಒಂದು ಗೋಲೂ ಅವನ ಹೆಸರಿನಲ್ಲಿಲ್ಲ. ಆ ವಿಷಯವನ್ನು ನಾನು ಭಾವನಿಗೆ ಹಬ್ಬಹರಿದಿನಗಳಲ್ಲಿ ನೆನಪಿಸುತ್ತಿರುತ್ತೇನೆ.

2022ರ ಜನವರಿಯಲ್ಲಿ ನೈಜೀರಿಯಾದ ಆಟಗಾರ ಬಾರ್ತೊಲೊಮ್ಯೂ ಒಗ್ಬೆಚೆ ಆ 48ನ್ನು ದಾಟಿದ. ಸುದ್ದಿಯನ್ನು ನಾನೇ ಕಾರವಾರಕ್ಕೆ ಕಳಿಸಿದೆ. ಮೇಷ್ಟ್ರು ತಕ್ಷಣ ಉತ್ತರಿಸಿದರು: ಒಗ್ಬೆಚೆಗೆ ಎಷ್ಟು ಪಂದ್ಯ ಬೇಕಾಯಿತು, ಎಷ್ಟು ತಂಡ ಬೇಕಾಯಿತು, ಭಾಗಾಕಾರ ಮಾಡಿ ಉತ್ತರವನ್ನು ಎರಡು ದಶಮಾಂಶ ಸ್ಥಾನಗಳವರೆಗೆ ಬರೆದು ಕಳಿಸು. ನಾನು ಭಾಗಾಕಾರ ಮಾಡಲಿಲ್ಲ. 117 ಎಂದಷ್ಟೇ ಬರೆದು ಕಳಿಸಿದೆ. ರಾತ್ರಿ ಅಕ್ಕ ಫೋನ್ ಮಾಡಿ, "ಏನು ಕಳಿಸಿದೆಯೋ ಇವರಿಗೆ? ಸಾರು ಚೆನ್ನಾಗಿಲ್ಲ ಎಂದು ನನ್ನ ಮೇಲೆ ಹಾರಾಡುತ್ತಿದ್ದಾರೆ" ಎಂದಳು.