ಎಡಗೈಗೆ ಕತ್ತಿ ಕಲಿಸುವುದು

ಜಪಾನಿನ ಕತ್ತಿವರಸೆಯಾದ ಕೆಂಡೊದಲ್ಲಿ ಕೈ ಪಳಗುವುದೆಂದರೆ, ನನ್ನ ಮಟ್ಟಿಗೆ, ಎಡಗೈ ಪಳಗುವುದು. ಬಿದಿರಿನ ಕತ್ತಿಯಾದ ಶಿನಾಯಿಯ ಹಿಡಿಯ ತುದಿ ಎಡಗೈಯಲ್ಲಿರುತ್ತದೆ. ಕಿರುಬೆರಳು, ಉಂಗುರದ ಬೆರಳು ಬಿಗಿ. ಹೆಬ್ಬೆರಳು, ತೋರುಬೆರಳು ಸಡಿಲ. ಬೀಸುವ ಬಲ ಎಡಗೈಯದು, ಬಲಗೈ ದಾರಿ ತೋರಿಸಿದರೆ ಸಾಕು. ಕೊಡಗಿನ ಸಿದ್ದಾಪುರದ ಕಡೆಯ ಕಾಫಿ ತೋಟದಲ್ಲಿ ಬೆಳೆದ ನನಗೆ ಇದು ತಲೆಗೆ ಬೇಗ ಹತ್ತಿತು, ಕೈಗೆ ಹತ್ತಲಿಲ್ಲ. ತೋಟದ ಕಳೆ ಸವರುವುದಕ್ಕೂ ಮರದ ಕೊಂಬೆ ಕಡಿಯುವ ಕಪಾತಿಗೂ ಕತ್ತಿ ಹಿಡಿದದ್ದು ಬಲಗೈಯೇ. ಅದಕ್ಕೆ ಸುಮ್ಮನಿರು ಎಂದರೆ ಎಲ್ಲಿ ಕೇಳುತ್ತದೆ?

ಹಾಗಾಗಿ ದಿನವೂ ಬೆಳಿಗ್ಗೆ, ಕೆಲಸದವರು ಬರುವ ಮುಂಚೆ, ಎಡಗೈ ಒಂದರಲ್ಲೇ ಸುಬುರಿ, ಅಂದರೆ ಗಾಳಿಯಲ್ಲಿ ಶಿನಾಯಿ ಬೀಸುವ ಅಭ್ಯಾಸ, ಮಾಡುತ್ತೇನೆ. ಕಣ ಖಾಲಿ ಇದ್ದರೆ ಕಣದಲ್ಲಿ. ಕಾಫಿ ಹರಡಿದ್ದಾಗ, ಮಳೆ ಹಿಡಿದಾಗ ಗೋದಾಮಿನಲ್ಲಿ. ಗೋದಾಮಿನ ಬಾಗಿಲಿನ ಎರಡು ಕದಗಳು ಸೇರುವಲ್ಲಿ ನೆಟ್ಟನೆಯ ಗೆರೆಯಿದೆ. ಅದರೆದುರು ನಿಂತು ಶಿನಾಯಿಯನ್ನು ತಲೆಯ ಮೇಲಕ್ಕೆತ್ತಿ ನಿಧಾನವಾಗಿ ಇಳಿಸಿದರೆ, ತುದಿ ಎಲ್ಲಿ ಗೆರೆ ಬಿಡುತ್ತದೆಂದು ಕಣ್ಣಿಗೇ ಕಾಣುತ್ತದೆ. ನನ್ನದು ಹಣೆಯ ಮಟ್ಟದಲ್ಲಿ ಬಲಕ್ಕೆ ಸರಿಯುತ್ತದೆ. ಮಣಿಕಟ್ಟು ತಿರುಚಿಕೊಳ್ಳುವ ಜಾಗ ಅದು. ಬಿರುಸಾಗಿ ಬೀಸಿದರೆ ಆ ಡೊಂಕು ಮುಚ್ಚಿಹೋಗುತ್ತದೆ. ಅದಕ್ಕೇ ನಿಧಾನ. ಬಲಗೈ ಸೇರುವುದು ಆಮೇಲೆ. ತಲೆಗೆ ಹೊಡೆದಾಗ ಎಡಮುಷ್ಟಿ ಎದೆಗುಂಡಿಯ ಮಟ್ಟದಲ್ಲಿ, ಬಲಗೈ ಭುಜದ ಮಟ್ಟದಲ್ಲಿ ಇರಬೇಕು. ತಾಗುವ ಕ್ಷಣಕ್ಕೆ ಎರಡೂ ಕೈ ಒದ್ದೆ ಬಟ್ಟೆ ಹಿಂಡುವಂತೆ ಒಳಕ್ಕೆ ಬಿಗಿದು, ಕೂಡಲೇ ಸಡಿಲಗೊಳ್ಳಬೇಕು.

ಸಿಮೆಂಟ್ ನೆಲದ ಮೇಲೆ ಪಾದ ಅಪ್ಪಳಿಸಿ ನುಗ್ಗುವ ಫುಮಿಕೊಮಿ ಖಂಡಿತ ಬೇಡ, ಹಿಮ್ಮಡಿಗೂ ಮೊಣಕಾಲಿಗೂ ಕೇಡು. ನಾನು ಪಾದ ಜಾರಿಸುವ ಸುರಿಯಾಶಿಯನ್ನಷ್ಟೇ ಮಾಡುತ್ತೇನೆ.

ಶಿನಾಯಿಯೆಂದರೆ ನಾಲ್ಕು ಬಿದಿರಿನ ಸೀಳುಗಳ ಕಟ್ಟು. ಸೀಳಿನಲ್ಲಿ ಸಿಬಿರೆದ್ದರೆ ಎದುರಾಳಿಯ ಮುಖಕವಚದ ಸರಳುಗಳ ನಡುವೆ ಹಾದು ಕಣ್ಣಿಗೇ ಚುಚ್ಚಬಹುದು. ಅಭ್ಯಾಸಕ್ಕೆ ಮೊದಲು ಬಟ್ಟೆಯಿಂದ ಉದ್ದಕ್ಕೂ ಸವರಿ ನೋಡುತ್ತೇನೆ, ಎಳೆ ಸಿಕ್ಕಿಕೊಂಡರೆ ಅಲ್ಲಿ ಮರಳು ಕಾಗದ ಉಜ್ಜುತ್ತೇನೆ. ಇದರಲ್ಲಿ ಸೋಮಾರಿತನ ಮಾಡುವವರ ಜೊತೆ ನಾನು ಆಡುವುದಿಲ್ಲ. ನಮ್ಮ ಮಳೆಗಾಲದಲ್ಲಿ ಬೂಷ್ಟು ಬೇರೆ. ಕೊಡವರ ಆಯುಧಪೂಜೆಯಾದ ಕೈಲ್ ಮುಹೂರ್ತದ ದಿನ ಕೋವಿ, ಒಡಿಕತ್ತಿಗಳ ಪಕ್ಕದಲ್ಲಿ ಶಿನಾಯಿಯನ್ನೂ ಒರೆಸಿ ಇಡುತ್ತೇನೆ, ಕೋವಿಗೆ ಇಡುವ ತೋಕ್ ಪೂ ಎಂಬ ಹೂವು ಅದಕ್ಕೂ ಸಲ್ಲುತ್ತದೆ. ಮೊದಲ ವರ್ಷ ಅಮ್ಮ ಬಿದಿರಿಗೆ ಪೂಜೆಯೇ ಎಂದು ಕೇಳಿದ್ದರು. ಈಗ ಅವರೇ ಹೂವಿಡುತ್ತಾರೆ.

ಒಬ್ಬನೇ ಕಲಿಯಲಾಗದ್ದೂ ಬೇಕಾದಷ್ಟಿದೆ. ಅದಕ್ಕಾಗಿ ಬಿಡುವಾದಾಗ ಬೆಂಗಳೂರಿಗೆ ಹೋಗುತ್ತೇನೆ. ಅಲ್ಲಿ ಕಿರಿಕಾಯೆಶಿ: ನೆತ್ತಿಗೆ ನೇರ ಹೊಡೆತ, ನಂತರ ಎಡಬಲಕ್ಕೆ ಮುಂದೆ ಹೋಗುತ್ತ 4, ಹಿಂದೆ ಸರಿಯುತ್ತ 5, ಮತ್ತೆ ನೇರ ಹೊಡೆತ. ಉಸಿರು ಕಟ್ಟತೊಡಗಿದಾಗ ಬಲಗೈ ಯಜಮಾನಿಕೆಗೆ ಬರುತ್ತದೆ. ಗುರುಗಳು ಕೂಡಲೇ ಹಿಡಿಯುತ್ತಾರೆ: “ಭುಜ ಎತ್ತಬೇಡಿ, ಎಡಗೈಯಿಂದ ಹೊಡೆಯಿರಿ.” ಪಂದ್ಯದಲ್ಲಿ ಶಿನಾಯಿ ತಾಗಿದ ಮಾತ್ರಕ್ಕೆ ಅಂಕವಿಲ್ಲ. ಕೂಗು, ಹೊಡೆತ, ಹೆಜ್ಜೆ ಮೂರೂ ಒಂದಾಗಬೇಕು, ಶಿನಾಯಿಯಲ್ಲಿ ಅಲಗೆಂದು ಎಣಿಸುವ ಬದಿಯೇ ತಾಗಬೇಕು, ಹೊಡೆದ ಮೇಲೂ ಎಚ್ಚರ ಉಳಿಯಬೇಕು. ನನಗೆ ಕೆಂಡೊ ಇಷ್ಟವಾದದ್ದೇ ಈ ಕಟ್ಟುನಿಟ್ಟಿಗೆ.

ಎಡಗೈ ಈಗ ಸ್ವಲ್ಪ ಮಾತು ಕೇಳುತ್ತಿದೆ. ಆದ್ದರಿಂದ ಈ ಮಳೆಗಾಲಕ್ಕೆ ಎಡಗಾಲು. ಹಿಮ್ಮಡಿ ನೆಲದಿಂದ ತುಸು ಎದ್ದೇ ಇರಬೇಕು, ಪಾದ ಹೊರಕ್ಕೆ ತಿರುಗಬಾರದು. ಅಣ್ಣನ ಮಗಳು ರಜೆಗೆ ಬಂದಾಗ ಮೊಬೈಲನ್ನು ಕಾಫಿ ಚೀಲಕ್ಕೆ ಒರಗಿಸಿ ನನ್ನ ಪಾದಗಳನ್ನಷ್ಟೇ ಚಿತ್ರೀಕರಿಸಿಕೊಡುತ್ತಾಳೆ. “ಚಿಕ್ಕಪ್ಪ, ಹಿಂದೆ ಸರಿಯುವಾಗ ಮಾತ್ರ ತಿರುಗುತ್ತದೆ” ಎಂದು ಮೊನ್ನೆ ಅವಳೇ ಗುರುತಿಸಿದಳು. ಹಾಗಾಗಿ ಸದ್ಯಕ್ಕೆ ಹಿಂದೆ ಸರಿಯುವುದನ್ನೇ ಅಭ್ಯಾಸ ಮಾಡುತ್ತಿದ್ದೇನೆ.